ಗಂಡಸರ ಕಣ್ಣಿಗೆ ಬೀಳದ ಸಾಕ್ಷಿ: ‘ಟ್ರೈಫಲ್ಸ್’ ನಾಟಕ, ಓದುವವರಿಗೂ ಆಡುವವರಿಗೂ

ಕೌದಿಗೆಂದು ಹೊಲಿದಿಟ್ಟ ಒಂದು ಚೌಕ. ಬುಟ್ಟಿಯಲ್ಲಿರುವ ಬೇರೆ ಚೌಕಗಳಲ್ಲೆಲ್ಲ ಹೊಲಿಗೆ ಸಣ್ಣಗೆ, ಸಮನಾಗಿ, ಸಾಲು ತಪ್ಪದೆ ಬಂದಿದೆ. ಇದೊಂದರಲ್ಲಿ ಮಾತ್ರ ದಾರ ಎಲ್ಲೆಂದರಲ್ಲಿ ಓಡಿದೆ. ಒಂದು ಹೊಲಿಗೆ ಉದ್ದ, ಇನ್ನೊಂದು ಗಿಡ್ಡ, ನಡುವೆ ಬಟ್ಟೆ ಸುಕ್ಕುಗಟ್ಟಿದೆ. ಅದನ್ನು ನೋಡಿದ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸುತ್ತಾರೆ. ಮಹಡಿಯ ಮೇಲೆ ಮೂವರು ಗಂಡಸರು ಕೊಲೆಗೆ ಕಾರಣ ಹುಡುಕುತ್ತಾ ಓಡಾಡುತ್ತಿದ್ದಾರೆ. ಕಾರಣ ಕೆಳಗೆ, ಈ ಇಬ್ಬರ ಕೈಯಲ್ಲಿದೆ.

ಅಮೆರಿಕದ ಸೂಸನ್ ಗ್ಲಾಸ್ಪೆಲ್ 1916ರಲ್ಲಿ ಬರೆದ ‘ಟ್ರೈಫಲ್ಸ್’ ಏಕಾಂಕದ ಜೀವ ಇರುವುದು ಇಂಥ ಗಳಿಗೆಗಳಲ್ಲಿ. ಐದು ಪಾತ್ರ, ಒಂದೇ ಅಡುಗೆಮನೆ, ಸುಮಾರು ಅರ್ಧ ಗಂಟೆಯ ಅವಧಿ. ಮಿನ್ನಿ ರೈಟ್ ಎಂಬ ರೈತನ ಹೆಂಡತಿ ಗಂಡನನ್ನು ಕೊಂದ ಆರೋಪದ ಮೇಲೆ ಜೈಲಿನಲ್ಲಿದ್ದಾಳೆ. ಗಂಡ ಜಾನ್ ರೈಟ್ ಹಾಸಿಗೆಯಲ್ಲೇ ಕತ್ತಿಗೆ ಹಗ್ಗ ಬಿಗಿದು ಸತ್ತಿದ್ದಾನೆ. ಪಕ್ಕದಲ್ಲೇ ಮಲಗಿದ್ದ ತನಗೆ ಎಚ್ಚರವಾಗಲಿಲ್ಲ ಎನ್ನುತ್ತಾಳೆ. ಮನೆಯಲ್ಲಿ ಬಂದೂಕಿತ್ತು. ಅದನ್ನು ಬಿಟ್ಟು ಹಗ್ಗ ಯಾಕೆ? ಸರ್ಕಾರಿ ವಕೀಲ ಹೆಂಡರ್ಸನ್, ಶೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ಪೀಟರ್ಸ್, ಹೆಣವನ್ನು ಮೊದಲು ಕಂಡ ನೆರೆಯ ರೈತ ಹೇಲ್ ಮನೆ ಶೋಧಿಸಲು ಬರುತ್ತಾರೆ. ಜೈಲಿನಲ್ಲಿರುವವಳಿಗೆ ಬಟ್ಟೆಬರೆ ತೆಗೆದುಕೊಂಡು ಹೋಗಲು ಶೆರಿಫ್‌ನ ಹೆಂಡತಿಯೂ ಹೇಲ್‌ನ ಹೆಂಡತಿಯೂ ಜೊತೆಗೆ ಬಂದಿದ್ದಾರೆ. ‘ಇಲ್ಲಿ ಬರೀ ಅಡುಗೆಮನೆ ಸಾಮಾನು’ ಎಂದು ಶೆರಿಫ್ ಒಂದು ಸುತ್ತು ನೋಡಿ ಮುಗಿಸುತ್ತಾನೆ. ಚಿಲ್ಲರೆ ವಿಷಯಕ್ಕೆಲ್ಲ ತಲೆಕೆಡಿಸಿಕೊಳ್ಳುವುದು ಹೆಂಗಸರಿಗೆ ಅಭ್ಯಾಸ ಎಂದು ಹೇಲ್ ಸೇರಿಸುತ್ತಾನೆ. ನಾಟಕದ ಹೆಸರು ಹುಟ್ಟಿದ್ದು ಆ ಮಾತಿನಿಂದ.

ಕೊಂದವರು ಯಾರು ಎಂಬುದನ್ನು ನಾಟಕ ಹೆಚ್ಚು ಹೊತ್ತು ಮುಚ್ಚಿಡುವುದಿಲ್ಲ. ಆದ್ದರಿಂದ ಇಲ್ಲಿ ಕಥೆ ಪೂರ್ತಿ ಹೇಳಿದರೂ ನೋಡುವವರಿಗೆ ನಷ್ಟವಿಲ್ಲ. ಕಾರಣ ಏನು, ಅದು ಯಾರಿಗೆ ಕಾಣುತ್ತದೆ, ಕಂಡವರು ಏನು ಮಾಡುತ್ತಾರೆ, ಇವೇ ಇಲ್ಲಿನ ಪ್ರಶ್ನೆಗಳು.

ಹಿಂದೆ ಒಂದು ನಿಜ ಪ್ರಕರಣವಿದೆ. 1900ರ ಡಿಸೆಂಬರ್ ಆರಂಭದ ಒಂದು ರಾತ್ರಿ ಅಯೋವಾ ರಾಜ್ಯದ ಇಂಡಿಯನೋಲಾ ಬಳಿಯ ರೈತ ಜಾನ್ ಹೊಸಾಕ್ ಮಲಗಿದ್ದಲ್ಲೇ ಕೊಡಲಿಯೇಟು ತಿಂದು ಸತ್ತ. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಮಾರ್ಗರೆಟ್, ಕೊಂದವರನ್ನು ನಾನು ನೋಡಲಿಲ್ಲ ಎಂದಳು. ಆಗ ಡಿ ಮೊಯಿನ್ ನಗರದ ಪತ್ರಿಕೆಯೊಂದರ ವರದಿಗಾರ್ತಿಯಾಗಿದ್ದ ಗ್ಲಾಸ್ಪೆಲ್ ಈ ಪ್ರಕರಣದ ಬಗ್ಗೆ ಒಂದರ ಹಿಂದೊಂದು ವರದಿ ಬರೆದರು, ಆ ಮನೆಯ ಅಡುಗೆಮನೆಗೂ ಹೋಗಿ ಬಂದರು. 1901ರಲ್ಲಿ ಮಾರ್ಗರೆಟ್‌ಗೆ ಜೀವಾವಧಿ ಶಿಕ್ಷೆಯಾಯಿತು. 1902ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿತು. 1903ರ ಮರುವಿಚಾರಣೆಯಲ್ಲಿ ಜ್ಯೂರಿಗೆ, ಅಂದರೆ ತೀರ್ಪು ಕೊಡುವ ನಾಗರಿಕರ ಮಂಡಳಿಗೆ, ಒಮ್ಮತ ಬರಲಿಲ್ಲ, ಅವಳು ಮನೆಗೆ ಹೋದಳು. ಆ ಜ್ಯೂರಿಗಳಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಹೊಸಾಕ್ ದಂಪತಿಗೆ ಒಂಬತ್ತು ಮಕ್ಕಳು. ನಾಟಕದ ರೈಟ್ ದಂಪತಿಗೆ ಮಕ್ಕಳಿಲ್ಲ. ಕೊಡಲಿಯ ಜಾಗಕ್ಕೆ ಹಗ್ಗ ಬಂದಿದೆ, ತುಂಬಿದ ಮನೆಯ ಜಾಗಕ್ಕೆ ಸದ್ದಿಲ್ಲದ ಮನೆ. ಈ ಎರಡು ಬದಲಾವಣೆಗಳ ಮೇಲೆಯೇ ಇಡೀ ನಾಟಕ ನಿಂತಿದೆ.

ಇದರ ಪತ್ತೇದಾರಿಕೆ ಪೂರ್ತಿ ಕೆಲಸದ ತಿಳಿವಳಿಕೆಯಿಂದ ಹುಟ್ಟಿದ್ದು. ಈ ಇಬ್ಬರಿಗೆ ಯಾವ ಒಳಗಣ್ಣೂ ಇಲ್ಲ. ಒಲೆ ಮುಂದೆ ವರ್ಷಗಟ್ಟಲೆ ನಿಂತವರಿಗೆ ಯಾವುದು ದಿನದ ಅಸ್ತವ್ಯಸ್ತ, ಯಾವುದು ಕೈ ತಡೆದು ನಿಂತ ಕೆಲಸ ಎಂಬುದು ಗೊತ್ತಿರುತ್ತದೆ, ಅಷ್ಟೇ. ಬ್ರೆಡ್ಡು ಡಬ್ಬಿಯ ಪಕ್ಕದಲ್ಲಿದೆ, ಒಳಗಿಲ್ಲ. ಅಂದರೆ ಇಡಲು ಹೊರಟವಳು ಇಡಲಿಲ್ಲ. ಮೇಜು ಅರ್ಧದವರೆಗೆ ಒರೆಸಿದೆ, ಉಳಿದರ್ಧ ಹಾಗೇ ಇದೆ. ಯಾವ ಗೃಹಿಣಿಯೂ ಮೇಜನ್ನು ಅರ್ಧ ಒರೆಸಿ ಬಿಡುವುದಿಲ್ಲ. ವಕೀಲ ಕಾಣುವುದು ಕೊಳೆಯಾದ ಟವೆಲ್ ಮಾತ್ರ. ‘ಅಚ್ಚುಕಟ್ಟಿಲ್ಲದ ಹೆಂಗಸು’ ಎಂದು ತೀರ್ಮಾನಿಸಿ ಸಿಂಕಿನ ಕೆಳಗಿನ ಪಾತ್ರೆಗಳನ್ನು ಕಾಲಲ್ಲಿ ತಳ್ಳುತ್ತಾನೆ. ಗಂಡಸರ ಕೈಯೂ ಯಾವಾಗಲೂ ಅಷ್ಟು ಚೊಕ್ಕಟವಾಗಿ ಇರುವುದಿಲ್ಲವಲ್ಲ ಎಂದು ಮಿಸೆಸ್ ಹೇಲ್ ಕೊಡುವ ಉತ್ತರಕ್ಕೆ ಅವನ ಬಳಿ ಬರೀ ನಗು ಇದೆ.

ಹಣ್ಣಿನ ಶೀಸೆಗಳನ್ನು ನೋಡಿ. ಬೇಸಿಗೆಯಲ್ಲಿ ಚೆರ್ರಿ ಹಣ್ಣನ್ನು ಸಕ್ಕರೆ ಹಾಕಿ ಕುದಿಸಿ, ಗಾಜಿನ ಶೀಸೆಗೆ ತುಂಬಿ ಚಳಿಗಾಲಕ್ಕೆ ಇಟ್ಟಿರುತ್ತಾರೆ. ಒಲೆ ಆರಿ, ಚಳಿ ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗೆ, ಅಂದರೆ ನಮ್ಮ ಲೆಕ್ಕದಲ್ಲಿ ಮೈನಸ್ 18 ಡಿಗ್ರಿಗೂ ಕೆಳಗೆ ಇಳಿದಾಗ ಒಳಗಿನ ರಸ ಹೆಪ್ಪುಗಟ್ಟಿ ಉಬ್ಬುತ್ತದೆ, ಗಾಜು ಸೀಳುತ್ತದೆ. ಜೈಲಿನಲ್ಲಿ ಕೂತ ಮಿನ್ನಿಗೆ ಇದೇ ಚಿಂತೆಯಾಗಿತ್ತು. ಶೆರಿಫ್‌ಗೆ ಅದು ನಗುವ ವಿಷಯ. ಕಪಾಟಿಗೆ ಕೈ ಹಾಕಿದ ವಕೀಲನ ಬೆರಳಿಗೆ ಅಂಟು ಹತ್ತುತ್ತದೆ, ಆ ಕೈಯನ್ನು ಅವನು ತೊಳೆದುಕೊಳ್ಳುತ್ತಾನೆ. ಒಂದೇ ಒಂದು ಶೀಸೆ ಒಡೆಯದೆ ಉಳಿದಿದೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವ ಮಿಸೆಸ್ ಹೇಲ್‌ಗೆ ಕಾಣುವುದು ಬಿಸಿಲಲ್ಲಿ ಒಲೆ ಮುಂದೆ ಕಳೆದ ದಿನಗಳು. ಹಣ್ಣು ಹಾಳಾಗಿಲ್ಲ ಅಂತಲೇ ಅವಳಿಗೆ ಹೇಳಿ, ಈ ಶೀಸೆ ತೋರಿಸಿ ಎಂದು ಕೊನೆಗೆ ಅವಳೇ ಹೇಳುತ್ತಾಳೆ. ಹೆಂಗಸರ ಒಗ್ಗಟ್ಟು ಎಂದರೆ ಇಲ್ಲಿ ಘೋಷಣೆಯಲ್ಲ, ಇಂಥ ಒಂದು ಸುಳ್ಳು.

ಇನ್ನು ಹೊಲಿಗೆ. ಮಿನ್ನಿ ಹೊಲಿಯುತ್ತಿದ್ದುದು ‘ಲಾಗ್ ಕ್ಯಾಬಿನ್’ ಎಂಬ ನಮೂನೆ: ನಡುವೆ ಒಂದು ಚಿಕ್ಕ ಚೌಕ, ಅದರ ಸುತ್ತ ಮರದ ದಿಮ್ಮಿ ಪೇರಿಸಿದ ಹಾಗೆ ಒಂದಾದ ಮೇಲೊಂದು ಪಟ್ಟಿ. ಇಂಥ ಚೌಕಗಳನ್ನು ಜೋಡಿಸಿದರೆ ಮೇಲ್ಪದರ ಸಿದ್ಧ. ಆಮೇಲೆ ಮೇಲ್ಪದರ, ನಡುವಿನ ಹತ್ತಿ, ಕೆಳಗಿನ ಬಟ್ಟೆ, ಮೂರನ್ನೂ ಹಿಡಿದು ನಿಲ್ಲಿಸಬೇಕು. ಅದಕ್ಕೆ ಎರಡು ದಾರಿ. ನಮ್ಮ ಉತ್ತರ ಕರ್ನಾಟಕದ ಕೌದಿಯ ಹಾಗೆ ಇಡೀ ಹರವಿಗೆ ಸಣ್ಣ ಹೊಲಿಗೆ ಹಾಕುತ್ತಾ ಹೋಗುವುದು ಒಂದು. ಅಲ್ಲಲ್ಲಿ ದಾರ ಕೆಳಗಿಳಿಸಿ ಮೇಲೆತ್ತಿ ಬಿಗಿಯಾಗಿ ಗಂಟು ಕಟ್ಟಿ ಮುಗಿಸುವುದು ಇನ್ನೊಂದು. ಮೊದಲನೆಯದಕ್ಕೆ ದೊಡ್ಡ ಚೌಕಟ್ಟಿನ ಸುತ್ತ ಹೆಂಗಸರು ಒಟ್ಟಿಗೆ ಕೂರುವ ರೂಢಿ ಇತ್ತು. ಎರಡನೆಯದನ್ನು ಒಬ್ಬಳೇ ಬೇಗ ಮುಗಿಸಬಹುದು. ಮಿನ್ನಿ ಯಾವುದು ಮಾಡಬೇಕೆಂದಿದ್ದಳು ಎಂದು ಇಬ್ಬರೂ ಮಾತಾಡಿಕೊಳ್ಳುವಾಗ ಮೆಟ್ಟಿಲಿಳಿದು ಬಂದ ಗಂಡಸರು ನಗುತ್ತಾರೆ. ಆ ಪ್ರಶ್ನೆಯಲ್ಲಿ ಎಷ್ಟು ಇದೆ ಅವರಿಗೆ ತಿಳಿಯದು: ಹೊಲಿಯಲು ಜೊತೆಗೆ ಯಾರಾದರೂ ಇದ್ದರೇ, ಇಲ್ಲವೇ ಎಂಬುದೂ ಅದರಲ್ಲಿದೆ, ಗಂಟು ಬಿಗಿಯಲು ಬಲ್ಲ ಕೈ ಎಂಬುದೂ ಅದರಲ್ಲಿದೆ.

ಗಂಡಸರು ಹೋದ ಮೇಲೆ ಕೆಟ್ಟ ಹೊಲಿಗೆಯ ಚೌಕ ಕಣ್ಣಿಗೆ ಬೀಳುತ್ತದೆ. ಮಿಸೆಸ್ ಹೇಲ್ ಸೂಜಿಗೆ ದಾರ ಪೋಣಿಸಿ ಅದನ್ನು ಬಿಚ್ಚಿ ಹೊಲಿಯತೊಡಗುತ್ತಾಳೆ. ಸಾಕ್ಷಿ ನಾಶ ಶುರುವಾಗುವುದು ಆ ಸೂಜಿಯಿಂದ. ಮುಟ್ಟಬಾರದೇನೋ ಎನ್ನುವ ಮಿಸೆಸ್ ಪೀಟರ್ಸ್ ಅದನ್ನು ತಡೆಯುವುದೂ ಇಲ್ಲ. ಸುತ್ತಿಕೊಡಲು ಕಾಗದ, ದಾರ ಹುಡುಕುತ್ತಾ ಹೋದವಳಿಗೆ ಕಪಾಟಿನಲ್ಲಿ ಹಕ್ಕಿಯ ಪಂಜರ ಸಿಗುತ್ತದೆ: ಬಾಗಿಲು ಮುರಿದಿದೆ, ತಿರುಗಣಿ ಕಿತ್ತುಬಂದಿದೆ, ಹಕ್ಕಿ ಇಲ್ಲ. ಹೊಲಿಗೆ ಬುಟ್ಟಿಯ ತಳದಲ್ಲೊಂದು ಚೆಂದದ ಪೆಟ್ಟಿಗೆ, ಅದರೊಳಗೆ ರೇಷ್ಮೆ ಚೂರಿನಲ್ಲಿ ಸುತ್ತಿದ ಕ್ಯಾನರಿ ಹಕ್ಕಿ, ಕತ್ತು ತಿರುಚಿದೆ. ಹಕ್ಕಿಯನ್ನು ಕೊಂದವನು ಗಂಡ, ಅವನ ಕತ್ತಿಗೆ ಹಗ್ಗ ಬಿದ್ದದ್ದು ಅದಕ್ಕೇ ಎಂದು ಇಬ್ಬರಿಗೂ ಹೊಳೆಯುತ್ತದೆ.

ನಾಟಕದ ನಿಜವಾದ ಪಯಣ ಮಿಸೆಸ್ ಪೀಟರ್ಸ್‌ದು. ಮಿಸೆಸ್ ಹೇಲ್ ಮೊದಲಿಂದಲೂ ಮಿನ್ನಿಯ ಕಡೆಯವಳು. ಮದುವೆಗೆ ಮುಂಚೆ ಚಂದದ ಬಟ್ಟೆಯುಟ್ಟು ಚರ್ಚಿನಲ್ಲಿ ಹಾಡುತ್ತಿದ್ದ ಮಿನ್ನಿ ಫಾಸ್ಟರ್ ಅವಳಿಗೆ ಗೊತ್ತಿದ್ದವಳು. ವರ್ಷದಿಂದ ಈ ಮನೆಗೆ ಬರಲಿಲ್ಲವಲ್ಲ ಎಂಬ ಅಪರಾಧಿ ಭಾವವೂ ಅವಳಿಗಿದೆ. ಮಿಸೆಸ್ ಪೀಟರ್ಸ್‌ಗೆ ಆ ಹಿಂದಿನದೇನೂ ಇಲ್ಲ, ಮೇಲೆ ಅವಳು ಶೆರಿಫ್‌ನ ಹೆಂಡತಿ. ಕಾನೂನು ಕಾನೂನೇ ಎನ್ನುತ್ತಿದ್ದವಳು ಬದಲಾಗುವುದು ಯಾರ ವಾದದಿಂದಲೂ ಅಲ್ಲ, ಎರಡು ನೆನಪುಗಳಿಂದ. ಚಿಕ್ಕವಳಿದ್ದಾಗ ಒಬ್ಬ ಹುಡುಗ ಅವಳ ಬೆಕ್ಕಿನ ಮರಿಗೆ ಕೈಗೊಡಲಿ ಎತ್ತಿದ್ದ. ಹಿಡಿದುಕೊಳ್ಳದಿದ್ದರೆ ಅವನಿಗೆ ತಾನು ಏನೋ ಮಾಡಿಬಿಡುತ್ತಿದ್ದೆ. ಡಕೋಟಾದ ಬಯಲಿನಲ್ಲಿ ನೆಲೆಸಿದ್ದಾಗ ಎರಡು ವರ್ಷದ ಮೊದಲ ಮಗು ತೀರಿಕೊಂಡಿತ್ತು. ಆಗಿನ ಮೌನ ಎಂಥದೆಂದು ಅವಳಿಗೆ ಗೊತ್ತು. ಈ ಎರಡೂ ಮಾತನ್ನು ಬರೆದಿರುವ ರೀತಿ ನೋಡಬೇಕು: ಅರ್ಧಕ್ಕೆ ನಿಲ್ಲುವ ವಾಕ್ಯಗಳು. ಅಳುತ್ತಾ ಹೇಳಿದರೆ ಕೆಡುತ್ತದೆ. ಅವಳು ತನಗೇ ಹೇಳಿಕೊಳ್ಳುತ್ತಿದ್ದಾಳೆ.

ಆಡುವವರಿಗೆ ಮೊದಲ ಕಷ್ಟ ಆರಂಭದಲ್ಲೇ ಇದೆ. ಹೆಣ ಸಿಕ್ಕ ಕಥೆಯನ್ನು ಹೇಲ್ ಉದ್ದಕ್ಕೆ ಹೇಳುತ್ತಾನೆ: ನಾಲ್ಕಾರು ಮನೆ ಹಂಚಿಕೊಳ್ಳುವ ಟೆಲಿಫೋನ್ ಲೈನಿಗೆ ಸೇರುವಂತೆ ರೈಟ್‌ನನ್ನು ಕೇಳಲು ಬಂದದ್ದು, ಮಿನ್ನಿ ತೂಗುಕುರ್ಚಿಯಲ್ಲಿ ಏಪ್ರನ್ ನೆರಿಗೆ ಹಿಡಿಯುತ್ತಾ ಕೂತಿದ್ದದ್ದು. ಆ ಹೊತ್ತಿಗೆ ಪ್ರೇಕ್ಷಕರು ಇನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರುವುದಿಲ್ಲ. ಇದನ್ನು ಕತ್ತರಿಸಲು ಕೈ ಹೋಗುತ್ತದೆ. ಕತ್ತರಿಸಬೇಡಿ. ಖಾಲಿ ತೂಗುಕುರ್ಚಿಯನ್ನು ನಟರ ಮುಖಕ್ಕಿಂತ ತುಸು ಮುಂದಿಟ್ಟು ಅದರ ಮೇಲೆ ಬೆಳಕು ನಿಲ್ಲಿಸಿ. ಹೇಲ್ ಅದರ ಕಡೆ ನೋಡುತ್ತಾ ಹೇಳಲಿ. ಆಮೇಲೆ ಮಿಸೆಸ್ ಹೇಲ್ ಮರೆತು ಅದರಲ್ಲಿ ಕೂರಲು ಹೋಗಿ, ಅದು ಯಾವ ಕುರ್ಚಿಯೆಂದು ಹೊಳೆದು ಹಿಂದೆ ಸರಿಯಬೇಕು. ಮಿನ್ನಿಯನ್ನು ಹಿನ್ನೋಟದಲ್ಲಿ ವೇದಿಕೆಗೆ ತರುವುದಂತೂ ಬೇಡವೇ ಬೇಡ. ಅವಳು ಕಾಣಿಸಿದ ಕ್ಷಣ ಸಾಮಾನುಗಳು ಬರೀ ಸಾಮಾನುಗಳಾಗಿಬಿಡುತ್ತವೆ.

ಎರಡನೆಯ ತಪ್ಪು, ಗಂಡಸರನ್ನು ಪೆದ್ದರನ್ನಾಗಿ ಮಾಡುವುದು. ಪೆದ್ದರನ್ನು ಗೆಲ್ಲುವುದರಲ್ಲಿ ಏನೂ ಇಲ್ಲ. ವಕೀಲ ಚುರುಕು, ಮಾತಿನಲ್ಲಿ ಸೌಜನ್ಯ, ಕೆಲಸದಲ್ಲಿ ಶ್ರದ್ಧೆ. ಕಿಟಕಿ, ಕೊಟ್ಟಿಗೆ, ಮಲಗುವ ಕೋಣೆ ಒಂದೂ ಬಿಡದೆ ನೋಡುತ್ತಾನೆ. ಅವನಿಗೆ ಅಡುಗೆಮನೆ ಓದಲು ಬರುವುದಿಲ್ಲ, ಅಷ್ಟೇ. ಸತ್ತ ಜಾನ್ ರೈಟ್ ಕೂಡ ಕುಡುಕನಲ್ಲ, ಮಾತಿಗೆ ತಪ್ಪಿದವನಲ್ಲ, ಸಾಲ ಉಳಿಸಿಕೊಂಡವನಲ್ಲ. ಎಲುಬಿಗೆ ನಾಟುವ ಚಳಿಗಾಳಿಯಂಥ ಮನುಷ್ಯ ಎಂದು ಮಿಸೆಸ್ ಹೇಲ್ ಹೇಳುವಾಗ ಅದು ದೂರಿನಂತಲ್ಲ, ಹವೆಯ ಮಾತಿನಂತೆ ಬರಬೇಕು.

ಸಾಮಾನುಗಳ ವಿಷಯದಲ್ಲಿ ಜಿಪುಣತನ ನಡೆಯದು. ಹೊಲಿಗೆ ಚೌಕ ಒಂದು ಪ್ರದರ್ಶನಕ್ಕೊಂದು ಹೊಸದು ಬೇಕು, ಯಾಕೆಂದರೆ ಪ್ರತಿ ಸಲ ನಿಜವಾಗಿ ಬಿಚ್ಚಿ ಹೊಲಿಯಬೇಕು. ಸುಮಾರು 25 ಸೆಂಟಿಮೀಟರ್ ಅಗಲವಿರಲಿ. ತಿಳಿ ಬಟ್ಟೆಗೆ ಕಡು ಬಣ್ಣದ ದಾರ; ಕೆಟ್ಟ ಹೊಲಿಗೆ ಒಂದು ಸೆಂಟಿಮೀಟರಿಗೂ ಉದ್ದ, ಸಡಿಲ. ಹಿಂದಿನ ಸಾಲಿಗೆ ಅದು ಹೇಗೂ ಕಾಣುವುದಿಲ್ಲ, ಅವರು ಓದುವುದು ನಟಿಯ ಬೆರಳನ್ನು. ಹಾಗಾಗಿ ಬೆರಳು ಒಳ್ಳೆಯ ಹೊಲಿಗೆಯ ಮೇಲೆ ಸಲೀಸಾಗಿ ಸಾಗಿ ಕೆಟ್ಟದ್ದರ ಹತ್ತಿರ ನಿಲ್ಲಬೇಕು. ದೀಪದ ಬೆಳಕಲ್ಲಿ ಸೂಜಿ ಪೋಣಿಸುವುದು ಎಷ್ಟೋ ಸಲ ಕೈಕೊಡುತ್ತದೆ. ದೊಡ್ಡ ಕಣ್ಣಿನ ಸೂಜಿ ಇಟ್ಟುಕೊಳ್ಳಿ, ದಾರದ ತುದಿಗೆ ಮೇಣ ಸವರಿ, ಪೋಣಿಸಿದ ಇನ್ನೊಂದು ಸೂಜಿಯನ್ನು ಬುಟ್ಟಿಯ ಅಂಚಿಗೆ ಚುಚ್ಚಿಡಿ. ಹೊಲಿಗೆ ಬಾರದ ನಟಿಗೆ ಹದಿನೈದು ದಿನ ಮುಂಚೆಯೇ ಬಟ್ಟೆ ಕೊಟ್ಟು ಕೂರಿಸಿ. ಹೊಲಿಯುವ ಹಾಗೆ ನಟಿಸುವ ಕೈ ಈ ನಾಟಕದಲ್ಲಿ ಮೊದಲ ನಿಮಿಷಕ್ಕೇ ಸಿಕ್ಕಿಬೀಳುತ್ತದೆ.

ಪಂಜರದ ಬಾಗಿಲು ಒಂದೇ ತಿರುಗಣಿಯಲ್ಲಿ ಜೋತಾಡುತ್ತಿರಬೇಕು, ಪೂರ್ತಿ ಬಿದ್ದುಹೋಗಿರಬಾರದು. ಯಾರೋ ಬಲವಾಗಿ ಎಳೆದಿದ್ದಾರೆ ಎಂಬುದು ಆಗ ಕಣ್ಣಿಗೇ ತಿಳಿಯುತ್ತದೆ. ಹಕ್ಕಿಯನ್ನು ಪ್ರೇಕ್ಷಕರಿಗೆ ತೋರಿಸಬೇಡಿ. ಪ್ಲಾಸ್ಟಿಕ್ ಹಕ್ಕಿ ಕಂಡರೆ ಸಭೆ ನಗುತ್ತದೆ, ಆಮೇಲೆ ನಾಟಕ ಏಳುವುದಿಲ್ಲ. ರೇಷ್ಮೆಯ ಅಂಚು ಸರಿಸಿದರೆ ಸಾಕು, ಉಳಿದದ್ದು ಮುಖ ಹೇಳಲಿ.

ಕೋಟಿನ ಬಗ್ಗೆ ವಿಶೇಷ ಎಚ್ಚರ ಬೇಕು. ನಮ್ಮ ಸೆಕೆಯ ಸಭಾಂಗಣಗಳಲ್ಲಿ ಮಿಸೆಸ್ ಹೇಲ್ ಪಾತ್ರಧಾರಿ ನಡುವೆ ಕೋಟು ಬಿಚ್ಚಿಡುವುದು ಸಹಜ. ಪಠ್ಯದ ಪ್ರಕಾರ ಅವಳು ತೆಗೆದು ತೂಗುಹಾಕಲು ಹೋಗುವುದು ಕೊರಳಿನ ತುಪ್ಪಳದ ಪಟ್ಟಿಯನ್ನು ಮಾತ್ರ. ಹಾಗೆ ಹೋದಾಗಲೇ ಮೂಲೆಯ ಮೇಜಿನ ಕೆಳಗಿನ ಹೊಲಿಗೆ ಬುಟ್ಟಿ ಅವಳ ಕಣ್ಣಿಗೆ ಬೀಳುವುದು. ಕೋಟು ಬಿಚ್ಚಿದರೆ ಕೊನೆಗೆ ಪೆಟ್ಟಿಗೆ ಸೇರಲು ಜೇಬೇ ಇರುವುದಿಲ್ಲ. ಒಳಗಿನ ಲೈನಿಂಗ್ ತೆಗೆದ ತೆಳು ಕೋಟು ಹೊಲಿಸಿ. ಪೆಟ್ಟಿಗೆ 15 ಸೆಂಟಿಮೀಟರ್ ಉದ್ದವಿದ್ದರೆ ಜೇಬಿನ ಬಾಯಿ 20 ಇರಲಿ. ಮಿಸೆಸ್ ಪೀಟರ್ಸ್‌ಳ ಚೀಲ ಮಾತ್ರ ಪೆಟ್ಟಿಗೆಗಿಂತ ನಿಜವಾಗಿಯೂ ಚಿಕ್ಕದಿರಬೇಕು. ಹಿಡಿಸುವ ಚೀಲದಲ್ಲಿ ಹಿಡಿಸದಂತೆ ನಟಿಸಿದರೆ ಸಭೆಗೆ ಗೊತ್ತಾಗಿಬಿಡುತ್ತದೆ.

ಕನ್ನಡಕ್ಕೆ ತರುವವರು ಕಥೆಯನ್ನು ನಮ್ಮ ಹಳ್ಳಿಗೆ ಸಾಗಿಸುವ ಆಸೆ ಬಿಡುವುದು ಒಳ್ಳೆಯದು. ಗಾಜು ಸೀಳುವ ಚಳಿ ಇಲ್ಲಿಲ್ಲ, ವರ್ಷಗಟ್ಟಲೆ ನೆರೆಯವರು ಹಣಕದ ಒಂಟಿ ಮನೆ ನಮ್ಮ ಊರುಗಳಲ್ಲಿ ಕಷ್ಟ. ಅಯೋವಾದಲ್ಲೇ ಇಟ್ಟು ಭಾಷೆಯನ್ನು ನಮ್ಮದು ಮಾಡಬೇಕು. ಇಬ್ಬರು ಹೆಂಗಸರು ಕೊನೆಯವರೆಗೂ ‘ಮಿಸೆಸ್’ ಸೇರಿಸಿಯೇ ಕರೆದುಕೊಳ್ಳುತ್ತಾರೆ. ಕನ್ನಡದಲ್ಲಿ ಅದು ‘ನೀವು’ ಆಗಿಯೇ ಉಳಿಯಲಿ, ಹತ್ತಿರವಾದರು ಎಂದು ‘ನೀನು’ಗೆ ಇಳಿಸುವುದು ಬೇಡ. ಮಿನ್ನಿಯನ್ನು ಕುರಿತು ಹೇಳುವಾಗ ಮಾತ್ರ ಕನ್ನಡ ನಮಗೊಂದು ಹೆಚ್ಚಿನ ಅನುಕೂಲ ಕೊಡುತ್ತದೆ. ಗಂಡಸರ ಬಾಯಲ್ಲಿ ‘ಆಕೆ’, ಮಿಸೆಸ್ ಹೇಲ್ ಬಾಯಲ್ಲಿ ಮೊದಲಿಂದ ‘ಅವಳು’. ಮಿಸೆಸ್ ಪೀಟರ್ಸ್ ‘ಆಕೆ’ ಎನ್ನುತ್ತಲೇ ಬಂದು, ಪೆಟ್ಟಿಗೆ ತೆರೆದ ಮೇಲೆ ತನಗೆ ಗೊತ್ತಿಲ್ಲದಂತೆ ‘ಅವಳು’ ಎಂದರೆ ಪುಟಗಟ್ಟಲೆ ಸಂಭಾಷಣೆ ಮಾಡದ ಕೆಲಸ ಆಗುತ್ತದೆ. ‘ಗಂಟು’ ಎಂಬ ಪದದಲ್ಲೂ ಲಾಭವಿದೆ. ಇಂಗ್ಲಿಷಿನಲ್ಲಿ ಹೊಲಿಗೆಯ ಗಂಟಿನ ಜೊತೆ ಹಗ್ಗದ ಗಂಟು ನೆನಪಾಗುತ್ತದೆ. ಕನ್ನಡ ಕಿವಿಗೆ ಮೂರು ಗಂಟೂ ಬ್ರಹ್ಮಗಂಟೂ ಕೂಡ ಕೇಳಿಸುತ್ತವೆ. ಅದನ್ನು ಒತ್ತಿ ಹೇಳದೆ ಸುಮ್ಮನೆ ಬಿಟ್ಟರೆ ಸಾಕು.

ಕೊರತೆಗಳಿಲ್ಲವೆಂದಲ್ಲ. ಮಿನ್ನಿಯೇ ಹಕ್ಕಿಯ ಹಾಗಿದ್ದಳು ಎಂದು ಮಿಸೆಸ್ ಹೇಲ್ ಬಾಯಿಬಿಟ್ಟು ಹೇಳಿಬಿಡುತ್ತಾಳೆ. ಪಂಜರ ಕಣ್ಣೆದುರೇ ಇರುವಾಗ ಆ ವಿವರಣೆ ಬೇಕಿರಲಿಲ್ಲ. ಶೆರಿಫ್‌ನ ಹೆಂಡತಿ ಕಾನೂನನ್ನೇ ಮದುವೆಯಾದವಳು ಎಂಬ ವಕೀಲನ ಮಾತು ಕೊನೆಗಾಗಿ ಜೋಡಿಸಿಟ್ಟಂತೆ ಕೇಳುತ್ತದೆ. ಗಂಡಸರು ಮೇಲೆ ಹೋಗಿ ಕೆಳಗೆ ಬರುವುದು ಕೂಡ ಕೆಲವೆಡೆ ಲೇಖಕಿಯ ಅನುಕೂಲಕ್ಕೆ ತಕ್ಕ ಹಾಗಿದೆ.

ಇದೇ ವಸ್ತುವನ್ನು ಗ್ಲಾಸ್ಪೆಲ್ 1917ರಲ್ಲಿ ‘ಎ ಜ್ಯೂರಿ ಆಫ್ ಹರ್ ಪಿಯರ್ಸ್’ ಎಂಬ ಸಣ್ಣಕಥೆಯಾಗಿ ಬರೆದರು. ಅಲ್ಲಿ ಮಿಸೆಸ್ ಹೇಲ್ ತನ್ನ ಮನೆಯಲ್ಲಿ ಹಿಟ್ಟನ್ನು ಅರ್ಧ ಜರಡಿ ಹಿಡಿದು ಬಿಟ್ಟು ಬಂದಿರುತ್ತಾಳೆ. ಇಲ್ಲಿ ಮಿನ್ನಿಯ ಅರ್ಧ ಕೆಲಸ ಕಂಡಾಗ ಎದೆ ಧಸಕ್ಕೆನ್ನುವುದು ಅದಕ್ಕೇ. ನಟಿಯರು ಕಥೆಯನ್ನು ತಪ್ಪದೆ ಓದಬೇಕು, ನಾಟಕದ ಮೌನಗಳಲ್ಲಿ ಏನಿದೆ ಎಂಬುದು ಅಲ್ಲಿ ಸಿಗುತ್ತದೆ. ಬರೀ ಓದುಗರಾದರೆ ನಾಟಕ ಮೊದಲು, ಕಥೆ ಆಮೇಲೆ. ಇಂಗ್ಲಿಷ್ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತ. ಗ್ಲಾಸ್ಪೆಲ್ 1948ರಲ್ಲಿ ತೀರಿಕೊಂಡರು, ನಮ್ಮ ಕಾನೂನಿನ 60 ವರ್ಷದ ಅವಧಿ 2008ರ ಕೊನೆಗೆ ಮುಗಿದಿದೆ, ಹಾಗಾಗಿ ಮೂಲಕ್ಕೆ ಗೌರವಧನ ಕೊಡಬೇಕಿಲ್ಲ. ಬೇರೆಯವರ ಅನುವಾದ ಬಳಸಿದರೆ ಅನುವಾದಕರ ಒಪ್ಪಿಗೆ ಬೇಕೇ ಬೇಕು.

1916ರ ಆಗಸ್ಟ್ 8ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪ್ರಾವಿನ್ಸ್‌ಟೌನ್‌ನ ವಾರ್ಫ್ ಥಿಯೇಟರಿನಲ್ಲಿ ಇದು ಮೊದಲ ಸಲ ರಂಗಕ್ಕೆ ಬಂದಾಗ ಮಿಸೆಸ್ ಹೇಲ್ ಆಗಿ ನಿಂತವರು ಗ್ಲಾಸ್ಪೆಲ್ ಅವರೇ. ಆ ಪಾತ್ರಕ್ಕೆ ಅವರು ಬರೆದ ಕೊನೆಯ ಚಲನೆಯನ್ನು ಅಕ್ಷರಶಃ ಪಾಲಿಸಿ. ಬಾಗಿಲ ಹಿಡಿ ತಿರುಗುವ ಸದ್ದು. ಮಿಸೆಸ್ ಪೀಟರ್ಸ್ ಹಕ್ಕಿಯನ್ನು ಮುಟ್ಟಲಾರದೆ ನಿಂತಿದ್ದಾಳೆ. ಮಿಸೆಸ್ ಹೇಲ್ ಪೆಟ್ಟಿಗೆ ಕಸಿದು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾಳೆ. ಒಳಬಂದ ವಕೀಲ ತಮಾಷೆಗೆ ಕೇಳುತ್ತಾನೆ, ಆಕೆ ಕೌದಿ ಮುಗಿಸಬೇಕೆಂದಿದ್ದ ಬಗೆಗೆ ಏನೋ ಅಂತೀರಲ್ಲ ನೀವು, ಏನದು? ಜೇಬಿನ ಮೇಲೆ ಕೈ ಇಟ್ಟುಕೊಂಡೇ ಅವಳು ಹೇಳುತ್ತಾಳೆ, ಗಂಟು ಹಾಕೋದು ಅಂತೀವಿ. ದನಿ ಏರಿಸುವುದು ಬೇಡ, ವಿಜಯದ ನಗುವೂ ಬೇಡ. ಮೂರು ಎಣಿಸುವಷ್ಟು ಹೊತ್ತು ಬೆಳಕು ಆ ಕೈಯ ಮೇಲಿರಲಿ, ಆಮೇಲೆ ಆರಿಸಿ.